ಕಾಯುವ ಹೊತ್ತಿಗೂ ಕಂಪನಿ ಹೊಣೆಯಾಗಲಿ

ಮಾನ್ಯ ಸಂಪಾದಕರೇ,

ಆ್ಯಪ್ ಆಧಾರಿತ ಟ್ಯಾಕ್ಸಿ ಕಂಪನಿಗಳು ತಾವು ಸಾರಿಗೆ ಸಂಸ್ಥೆಗಳಲ್ಲ, ಪ್ರಯಾಣಿಕರಿಗೂ ಚಾಲಕರಿಗೂ ಸಂಪರ್ಕ ಕಲ್ಪಿಸುವ ಮಧ್ಯವರ್ತಿಗಳು ಮಾತ್ರ ಎಂದು ಮೊದಲಿನಿಂದಲೂ ವಾದಿಸುತ್ತ ಬಂದಿವೆ. ಬಾರ್ಸಿಲೋನಾದ ಟ್ಯಾಕ್ಸಿ ಚಾಲಕರ ಸಂಘವೊಂದು ಉಬರ್ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು 2017ರ ಡಿಸೆಂಬರ್‌ನಲ್ಲಿ ಈ ವಾದವನ್ನು ತಳ್ಳಿಹಾಕಿ, ಅದು ಸಾರಿಗೆ ಸೇವೆಯೇ ಎಂದು ಹೇಳಿತು. ಈ ಪ್ರಶ್ನೆ ಹೀಗೆ ಬಹುಮಟ್ಟಿಗೆ ತೀರ್ಮಾನವಾಗಿದ್ದರೂ, ಕಂಪನಿಯ ಹೊಣೆ ಯಾವ ಕ್ಷಣದಿಂದ ಶುರುವಾಗುತ್ತದೆ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಇದರ ಗಾಂಭೀರ್ಯ ಮೊದಲು ಕಂಡದ್ದು ವಿಮೆಯ ವಿಷಯದಲ್ಲಿ. 2013ರ ಡಿಸೆಂಬರ್ 31ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಬಾಡಿಗೆಗಾಗಿ ಕಾಯುತ್ತಿದ್ದ ಉಬರ್ ಚಾಲಕನೊಬ್ಬನ ಕಾರು ಡಿಕ್ಕಿ ಹೊಡೆದು ಆರು ವರ್ಷದ ಬಾಲಕಿಯೊಬ್ಬಳು ಮೃತಪಟ್ಟಳು. ಕಾರಿನಲ್ಲಿ ಪ್ರಯಾಣಿಕರು ಇರಲಿಲ್ಲವಾದ್ದರಿಂದ ಅದು ತನ್ನ ಸೇವೆಯ ಭಾಗವಲ್ಲ ಎಂದು ಕಂಪನಿ ಹೇಳಿತು. ಮರುವರ್ಷ ಕ್ಯಾಲಿಫೋರ್ನಿಯಾ ತಂದ ಕಾನೂನು, ಚಾಲಕ ಆ್ಯಪ್ ತೆರೆದು ಕಾಯುವ ಅವಧಿಗೂ ವಿಮೆಯನ್ನು ಕಡ್ಡಾಯಗೊಳಿಸಿತು. ಇಷ್ಟು ಸರಳವಾದ ನಿಯಮಕ್ಕಾಗಿ ಒಂದು ಮಗುವಿನ ಪ್ರಾಣ ಹೋಗಬೇಕಾಯಿತೆಂಬುದು ನನ್ನನ್ನು ಇಂದಿಗೂ ಕಲಕುತ್ತದೆ.

ಗಳಿಕೆಯ ವಿಷಯದಲ್ಲೂ ತೊಡಕು ಇಲ್ಲಿಯೇ ಇದೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ನೀಡಿದ ತೀರ್ಪು, ಒಪ್ಪಂದದ ಕಾಗದದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ದರ ನಿಗದಿಪಡಿಸುವವರು ಯಾರು, ಬಾಡಿಗೆ ನಿರಾಕರಿಸಿದವರನ್ನು ದಂಡಿಸುವವರು ಯಾರು, ರೇಟಿಂಗ್ ಇಳಿದರೆ ಖಾತೆ ಮುಚ್ಚುವವರು ಯಾರು ಎಂಬುದನ್ನು ನೋಡಿ, ಉಬರ್ ಚಾಲಕರಿಗೆ ಕನಿಷ್ಠ ವೇತನ ಮತ್ತು ವೇತನಸಹಿತ ರಜೆಯ ಹಕ್ಕಿದೆ ಎಂದಿತು; ಲಾಗಿನ್ ಆಗಿ ಬಾಡಿಗೆಗೆ ಸಿದ್ಧರಾಗಿರುವ ಸಮಯವೂ ದುಡಿಮೆಯೇ ಎಂದಿತು. ಹೀಗಿದ್ದೂ ಕಂಪನಿ ಬಳಿಕ ಕನಿಷ್ಠ ವೇತನವನ್ನು ಪ್ರಕಟಿಸಿದ್ದು ಟ್ರಿಪ್ ಒಪ್ಪಿಕೊಂಡ ನಂತರದ ಸಮಯಕ್ಕೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಕಂಪನಿಗಳು 20 ಕೋಟಿ ಡಾಲರ್‌ಗೂ ಹೆಚ್ಚು ಹಣ ಸುರಿದು 2020ರ ಜನಮತದಲ್ಲಿ ಗೆಲ್ಲಿಸಿಕೊಂಡ ಪ್ರಸ್ತಾವ 22, ಅಂದರೆ ಆ್ಯಪ್ ಚಾಲಕರನ್ನು ನೌಕರರೆಂದಲ್ಲದೆ ಸ್ವತಂತ್ರ ಗುತ್ತಿಗೆದಾರರೆಂದು ಪರಿಗಣಿಸುವ ಕಾನೂನು ಕೂಡ, ಕನಿಷ್ಠ ಗಳಿಕೆಯ ಲೆಕ್ಕದಿಂದ ಕಾಯುವ ಹೊತ್ತನ್ನು ಹೊರಗಿಟ್ಟಿದೆ.

ಚಾಲಕರು ಬೇಕಾದಾಗ ದುಡಿಯಲು ಸ್ವತಂತ್ರರಲ್ಲವೇ ಎಂದು ಕಂಪನಿಗಳು ಕೇಳುತ್ತವೆ. ಆ ಸ್ವಾತಂತ್ರ್ಯ ನಿಜ, ಅನೇಕ ಚಾಲಕರಿಗೆ ಅದು ಬೇಕು ಕೂಡ. ಆದರೆ ಪ್ರಯಾಣಿಕರಿಗೆ ಕೆಲವೇ ನಿಮಿಷಗಳಲ್ಲಿ ಕಾರು ಸಿಗುವುದು ಎಷ್ಟೋ ಮಂದಿ ಚಾಲಕರು ಖಾಲಿ ಕಾಯುತ್ತಿರುವುದರಿಂದಲೇ. ಅದರ ಲಾಭ ಕಂಪನಿಗೂ ನಷ್ಟ ಚಾಲಕನಿಗೂ ಸೇರುವುದು ನ್ಯಾಯವಲ್ಲ. ನ್ಯೂಯಾರ್ಕ್ ನಗರ 2019ರಲ್ಲಿ ಜಾರಿಗೆ ತಂದ ಕನಿಷ್ಠ ಗಳಿಕೆಯ ಸೂತ್ರ ಖಾಲಿ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿತು. ಆಗ ಕಂಪನಿಗಳು ಬೇಡಿಕೆ ಇಲ್ಲದ ವೇಳೆಯಲ್ಲಿ ಚಾಲಕರಿಗೆ ಲಾಗಿನ್ನನ್ನೇ ನಿರಾಕರಿಸತೊಡಗಿದವು.

ಆದ್ದರಿಂದ ನಿಯಮ ರೂಪಿಸುವವರು ವಿಮೆ ಮತ್ತು ಕನಿಷ್ಠ ಗಳಿಕೆ ಎರಡಕ್ಕೂ ಕಂಪನಿಯ ಹೊಣೆ ಆ್ಯಪ್ ತೆರೆದ ಕ್ಷಣದಿಂದಲೇ ಆರಂಭವಾಗುತ್ತದೆ ಎಂದು ಕಾನೂನಿನಲ್ಲೇ ಬರೆಯಬೇಕು. ಮುನ್ಸೂಚನೆ ಮತ್ತು ಲಿಖಿತ ಕಾರಣವಿಲ್ಲದೆ ಚಾಲಕರನ್ನು ಲಾಗಿನ್‌ನಿಂದ ಹೊರಗಿಡುವುದನ್ನು ಅದೇ ಕಾನೂನು ನಿಷೇಧಿಸಬೇಕು.

ಇಂತಿ,
ಪತ್ರಿಕೆಯ ಓದುಗ