ಶನಿವಾರದ ಕೂಟ: ಎಮೋಟ್ ತಯಾರಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ರಾತ್ರಿ 8:30ಕ್ಕೆ ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ಆಟದಲ್ಲಿ ನಮ್ಮ ರೋಲ್‌ಪ್ಲೇ (ಪಾತ್ರಾಭಿನಯ) ಕೂಟ. ಪಾತ್ರ ಆಡುವವರೆಲ್ಲ ಇದನ್ನು ಓದಿ.

ಹೋದ ಸಲ ಹತ್ತು ಜನ ಒಟ್ಟಿಗೆ ಎಮೋಟ್ (ಆದೇಶ ಟೈಪ್ ಮಾಡಿ ಪಾತ್ರದಿಂದ ಮಾಡಿಸುವ ಹಾವಭಾವ) ಮಾಡಿ, ಚಾಟ್ ತುಂಬಾ "ನಮಸ್ಕರಿಸಿದರು" ಸಾಲುಗಳೇ ಬಂದು ಸಂಭಾಷಣೆ ಮೇಲೆ ಸರಿದುಹೋಯಿತು. ಹಾಗಾಗದಿರಲು, ಬಾಗಿ ನಮಸ್ಕರಿಸುವ ಆದೇಶವಾದ 'ಸ್ಲ್ಯಾಶ್ ಬೌ' ಟೈಪ್ ಮಾಡಿ, ಅದೇ ಸಾಲಿನಲ್ಲಿ ಒಂದು ಸ್ಪೇಸ್ ಬಿಟ್ಟು 'ಮೋಷನ್' ಸೇರಿಸಿ. ಆಗ ಪಾತ್ರ ಬಾಗುತ್ತದೆ, ಚಾಟ್‌ನಲ್ಲಿ ಸಾಲು ಬರುವುದಿಲ್ಲ. ಆದೇಶಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಒಬ್ಬರಿಗೇ ನಮಸ್ಕರಿಸುವುದಾದರೆ ಮೊದಲು ಅವರ ಪಾತ್ರವನ್ನು ಟಾರ್ಗೆಟ್ ಮಾಡಿ (ಗುರಿಯಾಗಿ ಆರಿಸಿ).

ಹಲವು ಆದೇಶಗಳನ್ನು ಒಂದರ ಹಿಂದೆ ಒಂದು ತಾನಾಗಿ ಓಡಿಸುವ ಮ್ಯಾಕ್ರೋದಲ್ಲಿ 15 ಸಾಲು ಹಿಡಿಯುತ್ತದೆ. ಮುಂದಿನ ಸಾಲು 3 ಸೆಕೆಂಡ್ ಕಾಯಲು, ಸಾಲಿನ ಕೊನೆಗೆ ಕೋನ ಆವರಣದೊಳಗೆ 'ವೇಟ್', ಚುಕ್ಕೆ, 3 ಎಂದು ಹಾಕಿ. ಇದನ್ನು ಮರೆತರೆ ಸಾಲುಗಳೆಲ್ಲ ಒಂದೇ ಏಟಿಗೆ ಓಡಿ, ಬಾಗುವ ಮೊದಲೇ ಕುಣಿತ ಶುರುವಾಗುತ್ತದೆ. ನೋಡಲು ನಿಜಕ್ಕೂ ಬೇಜಾರು!

ಕುಣಿತಕ್ಕೆ ಹುತ್ತರಿ ಕೋಲಾಟದಂತೆ ಸುತ್ತ ನಿಲ್ಲೋಣ. ಪಾತ್ರ ಸವಾರಿ ಮೇಲಿದ್ದರೆ ಮೊದಲೇ ಇಳಿಸಿ. ಒಂದು ಹೆಜ್ಜೆ ಸರಿದರೂ ಕುಣಿತ ನಿಲ್ಲುತ್ತದೆ, ಕೀಬೋರ್ಡ್‌ನ ಕೀಲಿ ಮುಟ್ಟಬೇಡಿ.

ಸೋಮವಾರಪೇಟೆ, ಮಡಿಕೇರಿ ಕಡೆ ಮಳೆಗೆ ಕರೆಂಟ್ ಹೋದರೆ ಇಲ್ಲೇ ಒಂದು ಮೆಸೇಜ್ ಹಾಕಿ, ನಿಮ್ಮ ಸರದಿ ಹಿಂದಕ್ಕೆ ಹಾಕುತ್ತೇವೆ. ಬರುವವರು ಶುಕ್ರವಾರ ಸಂಜೆಯೊಳಗೆ ಪಾತ್ರದ ಹೆಸರು ತಿಳಿಸಿ, ದಯವಿಟ್ಟು.