ಏಳು ಸೀಟಿನ ಗಾಡಿ ಏಕೆಂದು ಕೇಳಿದ ಅಪ್ಪಾಜಿಯವರಿಗೆ

ತೀರ್ಥರೂಪು ಅಪ್ಪಾಜಿಯವರ ಪಾದಗಳಿಗೆ, ನಿಮ್ಮ ಮಗ ಬರ್ಮಿಂಗ್‌ಹ್ಯಾಮ್‌ನಿಂದ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವು ನಾಲ್ವರೂ ಕ್ಷೇಮದಿಂದಿದ್ದೇವೆ. ಅಮ್ಮನ ಮಂಡಿನೋವು ಈಗ ಹೇಗಿದೆ ಎಂಬುದನ್ನು ಮುಂದಿನ ಸಲ ಫೋನಿನಲ್ಲಿ ಮರೆಯದೆ ತಿಳಿಸಿ. ಈ ಕಾಗದದ ವಿಷಯಕ್ಕೂ ಅದಕ್ಕೂ ಸಂಬಂಧವಿದೆ.

ಗಾಡಿಯ ಮಾತು ಮೊನ್ನೆ ಅರ್ಧಕ್ಕೇ ನಿಂತಿತು. "ಇರೋದು ಗಂಡ ಹೆಂಡತಿ, ಎರಡು ಮಕ್ಕಳು. ಏಳು ಸೀಟಿನ ಗಾಡಿ ಯಾಕಪ್ಪ? ಅದೂ ಪೆಟ್ರೋಲು, ಅದೂ ಒಂದು ಲಕ್ಷ ಓಡಿರೋದು?" ಎಂದು ನೀವು ಕೇಳಿದಿರಿ. ಮಂಡಿಯಲ್ಲಿ ಮೂಟೆ ಬಿಚ್ಚಿಸದೆ ಕೊಬ್ಬರಿಗೆ ಬೆಲೆ ಕಟ್ಟುವವರಲ್ಲ ನೀವು. ಆದ್ದರಿಂದ ಫೋನಿನಲ್ಲಿ ಹಾರಿಕೆಯ ಉತ್ತರ ಕೊಡುವುದಕ್ಕಿಂತ ಎಲ್ಲವನ್ನೂ ಬಿಡಿಸಿ ಬರೆಯುವುದೇ ಸರಿಯೆಂದು ಕುಳಿತಿದ್ದೇನೆ. ಮುಂಗಡ ಕೊಟ್ಟಾಗಿದೆ, ಗಾಡಿ ಮುಂದಿನ ವಾರ ಮನೆಗೆ ಬರುತ್ತದೆ. ಹಾಗೆಂದು ನಿಮ್ಮ ಒಪ್ಪಿಗೆ ಬೇಡವೆಂದೇನೂ ಅಲ್ಲ.

ಮೊದಲು ಇಲ್ಲಿಯ ಕಾನೂನಿನ ಮಾತು. ಮಗುವಿಗೆ 12 ವರ್ಷ ತುಂಬುವವರೆಗೆ ಅಥವಾ ಅದು 135 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಕಾರಿನಲ್ಲಿ ಮಕ್ಕಳ ಸೀಟಿನಲ್ಲೇ ಕೂರಿಸಬೇಕು. ತಪ್ಪಿದರೆ 500 ಪೌಂಡಿನವರೆಗೆ ದಂಡ ಬೀಳಬಹುದು. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯಲ್ಲಿ ದನ ಕರು ತೋರಿಸುವ ಆಸೆ ನಿಮಗಿದೆ ಎಂದು ಬಲ್ಲೆ. ಅದನ್ನು ಪಾರ್ಕಿನ ಬೆಂಚಿನ ಮೇಲೆ ತೀರಿಸಿಕೊಳ್ಳಬೇಕಾಗುತ್ತದೆ. ಚಿಕ್ಕವನ ಸೀಟು ಗಾಡಿಯ ಹಿಂಬದಿಗೆ ಮುಖ ಮಾಡಿಕೊಂಡಿರುತ್ತದೆ. ಎಳೆಯ ಮಗುವಿನ ತಲೆ ಅದರ ದೇಹಕ್ಕೆ ಹೋಲಿಸಿದರೆ ಬಹಳ ಭಾರವಾದದ್ದು, ಕತ್ತಿನ್ನೂ ಬಲಿತಿರುವುದಿಲ್ಲ. ಎದುರಿನಿಂದ ಏನಾದರೂ ಗುದ್ದಿದಾಗ ತಲೆ ಮುಂದಕ್ಕೆ ಎಗರದೆ ಬೆನ್ನು, ಕತ್ತು, ತಲೆ ಮೂರೂ ಒಟ್ಟಿಗೆ ಸೀಟಿಗೆ ಒರಗಿಕೊಳ್ಳಲಿ ಎಂಬುದು ಈ ಏರ್ಪಾಟಿನ ಉದ್ದೇಶ. ಐ-ಸೈಜ್ ಎಂಬ ಮಾನದಂಡದ ಸೀಟುಗಳಲ್ಲಿ ಮಗು 15 ತಿಂಗಳು ದಾಟುವವರೆಗೆ ಹೀಗೆಯೇ ಕೂರಿಸುವುದು ಕಡ್ಡಾಯ, ಆಮೇಲೂ ಸಾಧ್ಯವಿದ್ದಷ್ಟು ಕಾಲ ಮುಂದುವರಿಸುವುದು ಒಳ್ಳೆಯದು. ದೊಡ್ಡವಳದು ಬೆನ್ನೊರಗು ಇರುವ ಬೂಸ್ಟರ್ ಸೀಟು; ಅವಳನ್ನು ಎತ್ತರಿಸಿ, ದೊಡ್ಡವರ ಬೆಲ್ಟು ಕತ್ತಿಗೆ ಬಾರದೆ ಹೆಗಲ ಮೇಲೂ ಹೊಟ್ಟೆಗೆ ಬಾರದೆ ಸೊಂಟದ ಮೂಳೆಯ ಮೇಲೂ ಹಾಯುವಂತೆ ಮಾಡುವುದಷ್ಟೇ ಅದರ ಕೆಲಸ.

ಇದರಿಂದ ಏನಾಗುತ್ತದೆಂದರೆ, ಗಾಡಿ ಆರಿಸುವ ಕ್ರಮವೇ ತಿರುಗಿಬೀಳುತ್ತದೆ. ನಮ್ಮ ಕಡೆ ಹಳೆಯ ಗಾಡಿ ನೋಡಲು ಹೋದವರು ಬಾನೆಟ್ ಎತ್ತುತ್ತಾರೆ, ಹೊಗೆ ನೋಡುತ್ತಾರೆ, ಮೈಲೇಜ್ ಕೇಳುತ್ತಾರೆ. ನಾವು ಎರಡೂ ಸೀಟುಗಳನ್ನು ಹೊತ್ತುಕೊಂಡು ಹೋಗಿ ಮೊದಲು ಹಿಂಬಾಗಿಲು ತೆಗೆಸಿದೆವು. ಆ ಸೀಟುಗಳು ಅಲ್ಲಿ ಸರಿಯಾಗಿ ಕೂರದಿದ್ದರೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ನಮಗೆ ಪ್ರಯೋಜನವಿಲ್ಲ. ಹಿಂದಿನ ಸೀಟಿನ ಒರಗು ಮತ್ತು ದಿಂಬು ಕೂಡುವ ಸಂದಿಯಲ್ಲಿ, ಗಾಡಿಯ ಚಾಸಿಗೆ ಬೆಸೆದ ಎರಡು ಗಟ್ಟಿ ಸರಳುಗಳಿರುತ್ತವೆ. ಅವುಗಳ ನಡುವಣ ಅಂತರ 28 ಸೆಂಟಿಮೀಟರ್. ಇದಕ್ಕೆ ಐಸೋಫಿಕ್ಸ್ ಎನ್ನುತ್ತಾರೆ. ಮಗುವಿನ ಸೀಟಿನ ಕೊಕ್ಕೆಗಳು ಈ ಸರಳುಗಳನ್ನು ಟಕ್ಕೆಂದು ಕಚ್ಚಿಕೊಳ್ಳುತ್ತವೆ, ಬೆಲ್ಟು ಸಡಿಲ ಕಟ್ಟಿದರೋ ಬಿಗಿ ಕಟ್ಟಿದರೋ ಎಂಬ ಅನುಮಾನವೇ ಇರುವುದಿಲ್ಲ. 2014ರ ಕೊನೆಯ ನಂತರ ಯುರೋಪಿನಲ್ಲಿ ಮಾರಾಟವಾದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾದುದರಿಂದ, ಅದಕ್ಕಿಂತ ಹಳೆಯ ಗಾಡಿಗಳನ್ನು ನಾವು ನೋಡಲೇ ಇಲ್ಲ.

ಸರಳಿದ್ದ ಮಾತ್ರಕ್ಕೆ ಜಾಗವಿದ್ದಂತಲ್ಲ. ಸಣ್ಣ ಹ್ಯಾಚ್‌ಬ್ಯಾಕ್‌ಗಳಲ್ಲಿ ಚಿಕ್ಕವನ ಸೀಟು ಕಚ್ಚಿಕೊಂಡಿತು, ಆದರೆ ಅದರ ಬೆನ್ನು ಮುಂದಿನ ಸೀಟಿಗೆ ತಾಗಿ, ಆ ಸೀಟನ್ನು ಡ್ಯಾಷ್‌ಬೋರ್ಡಿನ ಹತ್ತಿರಕ್ಕೆ ತಳ್ಳಬೇಕಾಯಿತು. ನಿಮ್ಮ ಸೊಸೆಯೇ ಮಂಡಿ ಮಡಚಿ ಕೂರಬೇಕಾದ ಜಾಗದಲ್ಲಿ ನಿಮ್ಮಂಥ ಎತ್ತರದವರನ್ನು ಕೂರಿಸುವ ಯೋಚನೆಯೇ ಬೇಡ. ಈ ಸೀಟಿನ ಅಡಿಯಿಂದ ಒಂದು ಊರುಗೋಲು ಇಳಿದು ಗಾಡಿಯ ನೆಲಕ್ಕೆ ತಾಗಿ ನಿಲ್ಲುತ್ತದೆ. ಕೆಲವು ಗಾಡಿಗಳಲ್ಲಿ ಕಾಲಿಡುವ ಆ ಜಾಗದಲ್ಲೇ ನೆಲದೊಳಗೆ ಮುಚ್ಚಳವಿರುವ ಪೆಟ್ಟಿಗೆ ಮಾಡಿರುತ್ತಾರೆ. ಪೊಳ್ಳು ಮುಚ್ಚಳದ ಮೇಲೆ ಊರುಗೋಲು ನಿಲ್ಲಿಸುವಂತಿಲ್ಲ. ನೋಡಲು ಅಂದವಾಗಿದ್ದ ಒಂದು ಗಾಡಿಯನ್ನು ಇದೊಂದೇ ಕಾರಣಕ್ಕೆ ಬಿಟ್ಟುಬಂದೆವು. ದೊಡ್ಡವಳ ಬೂಸ್ಟರ್ ಇಟ್ಟಮೇಲೆ ಬೆಲ್ಟಿನ ಬಕಲ್ ಅದರ ಅಡಿಗೆ ಸೇರಿಹೋಗುತ್ತದೆಯೇ ಎಂಬುದನ್ನೂ ನೋಡಿದೆವು. ಅವಳಿಗೆ ಐದು ವರ್ಷ. ಅವಳೇ ಬೆಲ್ಟು ಹಾಕಿಕೊಳ್ಳಬಲ್ಲಳು. ಬಕಲ್ ಕೈಗೆ ಸಿಗದಿದ್ದರೆ ಪ್ರತಿದಿನ ಬೆಳಿಗ್ಗೆ, ಇಲ್ಲಿಯ ಮಳೆಯಲ್ಲಿ, ನಾವು ಬಾಗಿ ತಡಕಾಡುತ್ತಿರಬೇಕು.

ಎಸ್‌ಯುವಿಗಳ ಮೇಲೆ ನಿಮಗೆ ಒಲವಿದೆ. ಇಲ್ಲಿ ಎಲ್ಲೆಲ್ಲೂ ಕಾಣುವ ನಿಸಾನ್ ಕಶ್‌ಕಾಯ್ ನೋಡಿದೆವು. ಎತ್ತರದ ಗಾಡಿಯಾದ್ದರಿಂದ ಮಗುವನ್ನು ಕೂರಿಸುವಾಗ ಸೊಂಟ ಬಗ್ಗಿಸಬೇಕಾಗಿಲ್ಲ, ಅದು ಸುಖ. ಆದರೆ ಹೊರಗಿನ ಗಾತ್ರ ನೋಡಿ ಒಳಗೂ ಅಷ್ಟೇ ವಿಶಾಲವೆಂದು ತಿಳಿದರೆ ಮೋಸಹೋಗುತ್ತೇವೆ: ಅದರ ಎರಡನೇ ತಲೆಮಾರಿನ ಮಾದರಿಯ ಡಿಕ್ಕಿ 430 ಲೀಟರ್; ಅದಕ್ಕಿಂತ ತಗ್ಗಾದ, ನೋಡಲು ಸಾಧಾರಣವಾದ ಸ್ಕೋಡಾ ಆಕ್ಟೇವಿಯಾ ಎಸ್ಟೇಟಿನ (ಎಸ್ಟೇಟ್ ಎಂದರೆ ಚಾವಣಿ ಡಿಕ್ಕಿಯ ಮೇಲೂ ಚಾಚಿರುವ ಉದ್ದದ ಕಾರು) ಮೂರನೇ ತಲೆಮಾರಿನದು 610. ನಿಜ ಹೇಳಬೇಕೆಂದರೆ ನನ್ನ ಮನಸ್ಸು ಆಕ್ಟೇವಿಯಾದ ಮೇಲೆಯೇ ನಿಂತಿತ್ತು. ಎರಡು ಸೀಟೂ ಸಲೀಸಾಗಿ ಕೂತವು, ಮುಂದೆ ಕಾಲು ಚಾಚಲು ಜಾಗವಿತ್ತು, ತಳ್ಳುಗಾಡಿಯನ್ನು ಮಡಿಸದೆಯೇ ಡಿಕ್ಕಿಗೆ ಎಸೆಯಬಹುದಿತ್ತು. ನಾವು ನಾಲ್ವರೇ ಆಗಿದ್ದರೆ ಇಂದು ಅದೇ ನಮ್ಮ ಮನೆಯ ಮುಂದೆ ನಿಂತಿರುತ್ತಿತ್ತು.

ಆದರೆ ನೀವಿಬ್ಬರು ಬರುತ್ತಿದ್ದೀರಿ. ವಾರದ ಮಟ್ಟಿಗೆ ಬಂದು ಹೋಗುವುದಾದರೆ ಬಾಡಿಗೆ ಗಾಡಿ ಸಾಕಿತ್ತು. ಪ್ರವಾಸಿ ವೀಸಾದಲ್ಲಿ ಆರು ತಿಂಗಳವರೆಗೆ ಇರಲು ಅವಕಾಶವಿರುವಾಗ, ಅಷ್ಟೂ ಕಾಲ ಭಾನುವಾರ ಬಂದರೆ ಇಬ್ಬರು ಮನೆಯಲ್ಲಿ ಉಳಿಯಬೇಕೆಂದರೆ ಹೇಗೆ? ಐದು ಸೀಟಿನ ಗಾಡಿಯಲ್ಲಿ ಎರಡು ಮಕ್ಕಳ ಸೀಟು ಇಟ್ಟಮೇಲೆ ನಡುವೆ ಉಳಿಯುವುದು ಹೆಸರಿಗೆ ಮಾತ್ರ ಸೀಟು. ಒಂದೊಂದು ಮಕ್ಕಳ ಸೀಟೂ ಸುಮಾರು 44 ಸೆಂಟಿಮೀಟರ್ ಅಗಲ. ಸರಳುಗಳು ಇರುವಲ್ಲೇ ಇರುವುದರಿಂದ ಅವನ್ನು ಬಾಗಿಲ ಕಡೆಗೆ ಸರಿಸಲೂ ಬರುವುದಿಲ್ಲ. ಉಳಿದ ಸಂದಿಯಲ್ಲಿ, ಉಬ್ಬಿದ ಗಟ್ಟಿ ದಿಂಬಿನ ಮೇಲೆ, ಅಮ್ಮನನ್ನು ಕೂರಿಸಿಕೊಂಡು ಒಂದು ಗಂಟೆ ಹೋಗುವುದು ನನ್ನಿಂದಾಗದು. ಕೂತರೂ ಆರನೆಯವರು ಉಳಿದೇ ಉಳಿಯುತ್ತಾರೆ.

ಏಳು ಸೀಟಿನ ಗಾಡಿಗಳಲ್ಲೂ ಒಂದು ತೊಡಕಿದೆ, ಅದನ್ನು ಮಾರುವವರು ತಾವಾಗಿ ಹೇಳುವುದಿಲ್ಲ. ಮೂರನೆಯ ಸಾಲಿಗೆ ಹೋಗಬೇಕಾದರೆ ಎರಡನೆಯ ಸಾಲಿನ ಸೀಟನ್ನು ಮುಂದಕ್ಕೆ ಮಡಚಬೇಕು. ಅದರ ಮೇಲೆ ಮಗುವಿನ ಸೀಟು ಕಚ್ಚಿಕೊಂಡು ಕೂತಿದ್ದರೆ ಮಡಚುವುದೆಲ್ಲಿ? ಎರಡೂ ಬದಿಗೆ ಮಕ್ಕಳ ಸೀಟಿದ್ದರೆ ಹಿಂದಿನ ಎರಡು ಸೀಟು ಇದ್ದೂ ಇಲ್ಲದಂತೆ. ನಾವು ಆರಿಸಿದ ಫೋಕ್ಸ್‌ವ್ಯಾಗನ್ ಟೂರಾನ್‌ನಲ್ಲಿ ನಡುವಿನ ಸಾಲು ಉದ್ದದ ಬೆಂಚಲ್ಲ; ಒಂದೇ ಅಗಲದ ಮೂರು ಬಿಡಿ ಸೀಟುಗಳು, ಒಂದೊಂದನ್ನೂ ಬೇರೆಬೇರೆಯಾಗಿ ಹಿಂದೆ ಮುಂದೆ ಸರಿಸಬಹುದು. ಹಾಗಾಗಿ ಚಿಕ್ಕವನು ಎಡಬದಿಗೆ, ದೊಡ್ಡವಳು ನಡುವೆ, ಅಮ್ಮ ಬಲಬದಿಗೆ. ಇಲ್ಲಿಯೂ ನಮ್ಮಂತೆಯೇ ರಸ್ತೆಯ ಎಡಕ್ಕೆ ಓಡಿಸುವುದರಿಂದ ಎಡಬಾಗಿಲು ಫುಟ್‌ಪಾತಿನ ಕಡೆಗೆ ತೆರೆಯುತ್ತದೆ, ಮಗುವನ್ನು ಎತ್ತಿಕೊಳ್ಳುವವರ ಬೆನ್ನಿಗೆ ವಾಹನಗಳು ಬರುವುದಿಲ್ಲ. ಬಲಬದಿಯ ಸೀಟಿನಲ್ಲಿ ಮಕ್ಕಳ ಸೀಟು ಇಲ್ಲದಿರುವುದರಿಂದ ಅದನ್ನು ಮಡಚಿ ನಿಮ್ಮ ಸೊಸೆ ಮೂರನೆಯ ಸಾಲಿಗೆ ಹತ್ತುತ್ತಾಳೆ, ಆಮೇಲೆ ಅಮ್ಮ ಹತ್ತುವುದು; ಅಮ್ಮನ ಮಂಡಿಗೆ ಒಂದೇ ಹೆಜ್ಜೆಯ ಕೆಲಸ. ದೊಡ್ಡವಳನ್ನೇ ಹಿಂದೆ ಕೂರಿಸಬಹುದಲ್ಲ ಎನ್ನುತ್ತೀರಿ. ಮೂರನೆಯ ಸಾಲಿನಲ್ಲಿ ತಲೆಗೂ ಹಿಂದಿನ ಗಾಜಿಗೂ ಅಂತರ ಕಡಿಮೆ, ನನಗೆ ಮನಸ್ಸು ಬರಲಿಲ್ಲ. ಹಿಂದಿನ ಎರಡರಲ್ಲಿ ಒಂದು ಸೀಟನ್ನು ಮಾತ್ರ ಎತ್ತಿ, ಇನ್ನೊಂದನ್ನು ನೆಲಕ್ಕೆ ಮಡಚಿಬಿಟ್ಟರೆ ಆ ಜಾಗದಲ್ಲಿ ತಳ್ಳುಗಾಡಿ ಹಿಡಿಯುತ್ತದೆ. ನೀವು ಮುಂದೆ, ನನ್ನ ಪಕ್ಕ. ಬೇರೆ ಸಾಮಾನಿಗೆ ಮಾತ್ರ ಜಾಗವಿಲ್ಲ. ಆದ್ದರಿಂದ ನೀವು ಇಳಿಯುವ ದಿನ ಏರ್‌ಪೋರ್ಟಿಗೆ ನಾನೊಬ್ಬನೇ ಬರುತ್ತೇನೆ, ಮಕ್ಕಳನ್ನು ಮನೆಯಲ್ಲೇ ನೋಡುವಿರಂತೆ.

ಇನ್ನು ಪೆಟ್ರೋಲಿನ ಮಾತು. 2021ರ ಜೂನ್‌ನಿಂದ ಈ ಊರಿನ ನಡುಭಾಗ ಶುದ್ಧ ಗಾಳಿಯ ವಲಯ. ಯೂರೋ ಎಂಬ ಹೊಗೆಯ ಮಾನದಂಡಕ್ಕೆ (ನಮ್ಮ ಭಾರತ್ ಸ್ಟೇಜ್ ಇದ್ದಂತೆ) ಹೊಂದದ ಕಾರು ಒಳಗೆ ಕಾಲಿಟ್ಟರೆ ದಿನಕ್ಕೆ 8 ಪೌಂಡ್ ಕಟ್ಟಬೇಕು. ಪೆಟ್ರೋಲ್ ಗಾಡಿ ಯೂರೋ 4 ಇದ್ದರೆ ಸಾಕು, ಡೀಸೆಲ್ ಯೂರೋ 6 ಇರಲೇಬೇಕು. ಅಂಥ ಡೀಸೆಲ್ ಗಾಡಿಯೂ ನಮ್ಮ ಕೈಗೆಟುಕುವ ಬೆಲೆಗೆ ಸಿಗುತ್ತಿತ್ತು, ಆದರೆ ನಮ್ಮ ಓಡಾಟವೆಲ್ಲ ಶಾಲೆ, ಅಂಗಡಿ, ಆಸ್ಪತ್ರೆ. ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವಿರುತ್ತದೆ. ಆ ಮಸಿ ಉರಿದುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಕಾದು ದೂರ ಓಡಬೇಕು. ಎರಡೆರಡು ಮೈಲಿಗೆ ನಿಲ್ಲಿಸುತ್ತ ಹೋದರೆ ಅದು ಕಟ್ಟಿಕೊಳ್ಳುತ್ತದೆ, ಆಮೇಲೆ ಡೀಸೆಲಿನಲ್ಲಿ ಉಳಿಸಿದ್ದೆಲ್ಲ ಮೆಕ್ಯಾನಿಕ್ಕಿಗೆ. ತಿಪಟೂರಿನಿಂದ ತುಮಕೂರಿಗೆ ದಿನವೂ ಹೋಗಿಬರುವವರಿಗೆ ನಿಮ್ಮ ಡೀಸೆಲಿನ ಲೆಕ್ಕವೇ ಸರಿ.

ಒಂದು ಲಕ್ಷ ಕಿಲೋಮೀಟರ್ ಓಡಿದೆ, ನಿಜ. ಇಲ್ಲಿಯ ಲೆಕ್ಕದಲ್ಲಿ 62,000 ಮೈಲಿ. 2017ರ ಗಾಡಿಗೆ ಅದು ಹೆಚ್ಚಲ್ಲ. ಮುಖ್ಯ ವಿಷಯವೆಂದರೆ ಆ ಲೆಕ್ಕವನ್ನು ನಂಬಬಹುದು. ನಮ್ಮ ಎಫ್‌ಸಿಯಂತೆ ಇಲ್ಲಿ ಎಂಒಟಿ ಎಂಬ ಪರೀಕ್ಷೆಯುಂಟು, ಮೂರು ವರ್ಷ ದಾಟಿದ ಪ್ರತಿ ಕಾರಿಗೂ ವರ್ಷಕ್ಕೊಮ್ಮೆ. ಗಾಡಿಯ ನಂಬರನ್ನು ಸರ್ಕಾರದ ಜಾಲತಾಣದಲ್ಲಿ ಹಾಕಿದರೆ ಸಾಕು, ಪ್ರತಿ ಪರೀಕ್ಷೆಯ ದಿನ ಮೀಟರ್ ಎಷ್ಟು ತೋರಿಸುತ್ತಿತ್ತು, ಯಾವುದರಲ್ಲಿ ಫೇಲಾಯಿತು, ಯಾವ ಟಯರ್ ಸವೆದಿತ್ತು ಎಂಬುದನ್ನೆಲ್ಲ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಮೀಟರ್ ಹಿಂದಕ್ಕೆ ತಿರುಗಿಸಿದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಗಾಡಿಯ ಮೇಲೆ ಹಳೆಯ ಸಾಲ ಬಾಕಿಯಿದೆಯೇ, ಅಪಘಾತದಲ್ಲಿ ಜಖಂ ಆಗಿ ವಿಮೆಯವರು ಕೈಬಿಟ್ಟ ಗಾಡಿಯೇ ಎಂಬುದಕ್ಕೆ ಮಾತ್ರ ದುಡ್ಡು ಕೊಟ್ಟು ಬೇರೆ ವರದಿ ತರಿಸಿದೆ. ಖಾಸಗಿಯವರ ಬಳಿ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಡೀಲರ್ ಹತ್ತಿರ ಕೊಂಡರೆ, ಕೊಳ್ಳುವಾಗಲೇ ದೋಷವಿತ್ತೆಂದು ತಿಳಿದುಬಂದಾಗ 30 ದಿನದೊಳಗೆ ಗಾಡಿ ಹಿಂದಿರುಗಿಸಿ ಪೂರ್ತಿ ಹಣ ಕೇಳುವ ಹಕ್ಕನ್ನು 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಕೊಡುತ್ತದೆ. ಆ ಹೆಚ್ಚಿನ ಹಣ ನೆಮ್ಮದಿಗೆ ಕೊಟ್ಟದ್ದು.

ಗಾಡಿ ಹಳೆಯದಾದರೂ ಮಕ್ಕಳ ಸೀಟುಗಳು ಮಾತ್ರ ಹೊಸವು. ಪರಿಚಯದವರೊಬ್ಬರು ತಮ್ಮ ಮಗನ ಸೀಟನ್ನು ಸುಮ್ಮನೆ ಕೊಡುತ್ತೇವೆಂದರು, ನಿಮ್ಮ ಸೊಸೆ ನಯವಾಗಿಯೇ ಬೇಡವೆಂದಳು. ಒಮ್ಮೆ ಅಪಘಾತ ಕಂಡ ಸೀಟಿನ ಒಳಗೆ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಕಾರಿಗಿರುವಂತೆ ಸೀಟಿಗೆ ಚರಿತ್ರೆಯ ದಾಖಲೆ ಇರುವುದಿಲ್ಲ.

ಕೊನೆಯದಾಗಿ ನಿಮ್ಮಿಂದ ಒಂದು ಕೆಲಸವಾಗಬೇಕು. ಮುಂದಿನ ವರ್ಷ ನಾವು ಊರಿಗೆ ಬರುವಾಗ ಈ ಸೀಟುಗಳನ್ನೂ ತರುತ್ತೇವೆ. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾಟಿ ಮನೆ ಮುಟ್ಟುವ ದಾರಿಯಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರಲು ನನಗೆ ಇನ್ನು ಧೈರ್ಯವಾಗದು. ನಮ್ಮ ದೇಶದಲ್ಲೂ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಿಂದ ಈ ನಿಯಮವಿದೆ: 14 ವರ್ಷದೊಳಗಿನ ಮಗುವಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದಿದ್ದರೆ 1,000 ರೂಪಾಯಿ ದಂಡ. ನಮ್ಮ ಮನೆಯ ಗಾಡಿಗೆ ಸೀಟ್ ಕವರ್ ಹಾಕಿಸಿದಾಗ ಹಿಂದಿನ ಬೆಲ್ಟಿನ ಬಕಲ್‌ಗಳನ್ನು ಅದರ ಕೆಳಗೇ ಸೇರಿಸಿಬಿಟ್ಟಿದ್ದಾರೆ. ಬಿಡುವಾದಾಗ ಕವರ್ ಬಿಚ್ಚಿಸಿ ಅವನ್ನು ಮೇಲಕ್ಕೆ ತೆಗೆಸಿ. ಬೆಲ್ಟು ಹೆಗಲಿಗೂ ಸೊಂಟಕ್ಕೂ ಬರುತ್ತದೆಯೋ ಬರೀ ಸೊಂಟಕ್ಕೋ, ಝಟ್ಟನೆ ಎಳೆದರೆ ಹಿಡಿದು ನಿಲ್ಲುತ್ತದೆಯೋ ನೋಡಿ. ಹಾಗೆಯೇ ಒರಗು ಮತ್ತು ದಿಂಬಿನ ನಡುವಣ ಸಂದಿಗೆ ಕೈಹಾಕಿ ಸರಳುಗಳಿವೆಯೇ ತಡವಿ, ಒಂದು ಫೋಟೋ ತೆಗೆದು ಕಳುಹಿಸಿ. ಸರಳಿಲ್ಲದಿದ್ದರೂ ಮೂರು ಕಡೆ ಹಿಡಿಯುವ ಬೆಲ್ಟಿದ್ದರೆ ದೊಡ್ಡವಳ ಸೀಟಿಗೆ ಅಡ್ಡಿಯಿಲ್ಲ. ಚಿಕ್ಕವನಿಗೆ ಬೆಲ್ಟಿನಿಂದ ಕಟ್ಟುವ ಬೇರೊಂದು ಸೀಟನ್ನು ನಾನು ಇಲ್ಲಿಂದಲೇ ನೋಡಿ ತರುತ್ತೇನೆ.

ಅಮ್ಮನಿಗೆ ನಮಸ್ಕಾರಗಳು. ದೊಡ್ಡವಳು ಗಾಡಿಯ ಚಿತ್ರ ಬರೆದಿದ್ದಾಳೆ, ಅದನ್ನೂ ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ನಿಮ್ಮನ್ನು ಮೂರನೆಯ ಸಾಲಿಗೆ ಹಾಕಿದ್ದಾಳೆ, ಬೇಸರ ಮಾಡಿಕೊಳ್ಳಬೇಡಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ನಿಮ್ಮ ಮಗ