ಸುರಕ್ಷಿತ ಡಿಯೋ: ಹೆದರಿಸಿ ಮಾರಬೇಡಿ, ಪ್ರಮಾಣ ಬರೆದು ಮಾರಿ

ಸಂಪಾದಕರಿಗೆ,

‘ಅಲ್ಯುಮಿನಿಯಂ ಇಲ್ಲ, ಪ್ಯಾರಾಬೆನ್ ಇಲ್ಲ, ಟಾಕ್ಸಿನ್ ಇಲ್ಲ’ ಎನ್ನುವ ಡಿಯೋಡರೆಂಟ್‌ಗಳು ಈಗ ನಗರಗಳ ಮಾಲ್‌ಗಳಿಂದ ಹಿಡಿದು ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳವರೆಗೆ ಎಲ್ಲೆಡೆ ಇವೆ. ಆರೋಗ್ಯದ ಕಾಳಜಿಯಿರುವವರಿಗೆ ಚರ್ಮಕ್ಕೆ ಹಿತವಾದ ಡಿಯೋ ಒದಗಿಸುವುದು ಒಳ್ಳೆಯ ವ್ಯಾಪಾರವೇ. ನಮ್ಮ ತಕರಾರು ಅದನ್ನು ಮಾರುವ ರೀತಿಯ ಬಗ್ಗೆ. ಏನಿಲ್ಲ ಎಂಬುದು ಡಬ್ಬಿಯ ಮುಂದೆ ದಪ್ಪ ಅಕ್ಷರದಲ್ಲಿರುತ್ತದೆ, ಏನಿದೆ ಎಂಬುದು ಹಿಂದೆ ಸಾಸಿವೆ ಗಾತ್ರದಲ್ಲಿ. ಎಷ್ಟಿದೆ ಎಂಬುದು ಎಲ್ಲೂ ಇರುವುದಿಲ್ಲ. ಸೌಂದರ್ಯವರ್ಧಕಗಳ ತಯಾರಿಕೆಯಲ್ಲಿ ಇರುವವರಾಗಿ ಕೆಲವು ವಿವರಗಳನ್ನು ತಯಾರಕರ, ಜಾಹೀರಾತು ಬರೆಯುವವರ ಮತ್ತು ಕೊಳ್ಳುವವರ ಮುಂದಿಡುತ್ತಿದ್ದೇವೆ.

ಬೆವರಿಗೆ ಸ್ವಂತ ನಾತ ಹೆಚ್ಚೇನಿಲ್ಲ. ಕಂಕುಳಿನ ಅಪೋಕ್ರೈನ್ ಎಂಬ ಬೆವರುಗ್ರಂಥಿಗಳ ಸ್ರಾವವನ್ನು ಕೊರಿನೆಬ್ಯಾಕ್ಟೀರಿಯಂ, ಸ್ಟ್ಯಾಫಿಲೋಕಾಕಸ್ ಹೋಮಿನಿಸ್‌ನಂಥ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಆಗ ಹುಟ್ಟುವ ಕೊಬ್ಬಿನಾಮ್ಲಗಳು ಮತ್ತು ಗಂಧಕದ ಸಂಯುಕ್ತಗಳು ಆ ಕಮಟು ವಾಸನೆಗೆ ಕಾರಣ. ಡಿಯೋಡರೆಂಟ್ ಈ ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತದೆ, ಇಲ್ಲವೇ ವಾಸನೆಯನ್ನು ಮುಚ್ಚುತ್ತದೆ. ಬೆವರು ಬರುತ್ತಲೇ ಇರುತ್ತದೆ. ಆಂಟಿಪರ್ಸ್ಪಿರಂಟ್ ಬೇರೆ ಸರಕು. ಅದರಲ್ಲಿರುವ ಅಲ್ಯುಮಿನಿಯಂ ಲವಣ ಬೆವರುನಾಳದ ಬಾಯಿಗೆ ಜೆಲ್‌ನಂಥ ತಾತ್ಕಾಲಿಕ ಬಿರಡೆ ಹಾಕುತ್ತದೆ. ಮದ್ಯಸಾರ, ಸುಗಂಧ ಮತ್ತು ಅನಿಲ ಮಾತ್ರ ಇರುವ ಮಾಮೂಲಿ ಬಾಡಿ ಸ್ಪ್ರೇಯಲ್ಲಿ ಅಲ್ಯುಮಿನಿಯಂ ಮೊದಲಿನಿಂದಲೂ ಇರಲಿಲ್ಲ. ಅಂಥದ್ದಕ್ಕೂ ‘ಅಲ್ಯುಮಿನಿಯಂ ಮುಕ್ತ’ ಚೀಟಿ ಅಂಟಿಸಿ ಬೆಲೆ ಏರಿಸುವುದು, ಅವಲಕ್ಕಿ ಪೊಟ್ಟಣದ ಮೇಲೆ ‘ಮೊಟ್ಟೆ ಇಲ್ಲ’ ಎಂದು ಬರೆದ ಹಾಗೆ.

ಇದಕ್ಕಿಂತ ತಮಾಷೆಯದು ‘ಕ್ರಿಸ್ಟಲ್’ ಡಿಯೋ. ಅದು ಬೇರೇನೂ ಅಲ್ಲ, ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುವ ಪಟಿಕ. ರಾಸಾಯನಿಕವಾಗಿ ಪೊಟ್ಯಾಸಿಯಂ ಅಲ್ಯುಮಿನಿಯಂ ಸಲ್ಫೇಟ್. ಪಟಿಕ ಕೆಟ್ಟದ್ದಲ್ಲ, ಬ್ಯಾಕ್ಟೀರಿಯಾವನ್ನು ಚೆನ್ನಾಗಿಯೇ ಹತೋಟಿಯಲ್ಲಿಡುತ್ತದೆ, ಅಗ್ಗ ಬೇರೆ. ಆದರೆ ಅದನ್ನು ‘ಅಲ್ಯುಮಿನಿಯಂ ಮುಕ್ತ’ ಎನ್ನುವುದು ಸುಳ್ಳು. ಕೆಲವರು ಜಾಣತನದಿಂದ ‘ಅಲ್ಯುಮಿನಿಯಂ ಕ್ಲೋರೊಹೈಡ್ರೇಟ್ (ಆಂಟಿಪರ್ಸ್ಪಿರಂಟ್‌ಗಳ ಮಾಮೂಲಿ ಲವಣ) ಇಲ್ಲ’ ಎಂದು ಬರೆಯುತ್ತಾರೆ. ಮಾತು ನಿಜ, ಓದಿದವರಿಗೆ ಆಗುವುದು ಮೋಸ. ಘಟಕಗಳ ಪಟ್ಟಿಯಲ್ಲಿ ‘ಪೊಟ್ಯಾಸಿಯಂ ಆಲಂ’ ಎಂದು ಕಂಡರೆ ಅದು ಪಟಿಕವೇ.

ಹಾಗಾದರೆ ಅಲ್ಯುಮಿನಿಯಂಗೆ ಹೆದರಬೇಕೇ? ಕ್ಯಾನ್ಸರ್ ಭಯಕ್ಕೆ ಆಧಾರ ತೆಳು. 2002ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಇದ್ದ 813 ಮಹಿಳೆಯರನ್ನು, ಇಲ್ಲದ 793 ಮಂದಿಯೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ಡಿಯೋ, ಆಂಟಿಪರ್ಸ್ಪಿರಂಟ್ ಬಳಕೆಗೂ ರೋಗಕ್ಕೂ ನಂಟು ಕಾಣಲಿಲ್ಲ. ಮಾಲು ಕೆಡದಂತೆ ಹಾಕುವ ಪ್ಯಾರಾಬೆನ್ ಎಂಬ ಸಂರಕ್ಷಕದ ಬಗ್ಗೆ ಗುಲ್ಲೆಬ್ಬಿಸಿದ 2004ರ ಬ್ರಿಟನ್ ಅಧ್ಯಯನ ನೋಡಿದ್ದು 20 ಸ್ತನ ಗಡ್ಡೆಗಳನ್ನು ಮಾತ್ರ. ಆರೋಗ್ಯವಂತ ಅಂಗಾಂಶದೊಂದಿಗೆ ಹೋಲಿಕೆ ಇರಲಿಲ್ಲ. ಸಿಕ್ಕ ಪ್ಯಾರಾಬೆನ್ ಡಿಯೋದಿಂದಲೇ ಬಂತೆಂದೂ ತೋರಿಸಿರಲಿಲ್ಲ. ಯುರೋಪಿನ ಗ್ರಾಹಕ ಸುರಕ್ಷತಾ ವೈಜ್ಞಾನಿಕ ಸಮಿತಿ 2020ರಲ್ಲಿ ಅಲ್ಯುಮಿನಿಯಂ ಪ್ರಮಾಣ ರೋಲ್‌ಆನ್, ಸ್ಟಿಕ್‌ಗಳಲ್ಲಿ ಶೇ 6.25, ಸ್ಪ್ರೇಯಲ್ಲಿ ಶೇ 10.60ರವರೆಗೆ ಸುರಕ್ಷಿತ ಎಂದಿತು. ನಿಜವಾಗಿ ಬೇಕಾದ ಎಚ್ಚರಿಕೆ ಒಂದೇ: ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಬಳಸಬೇಕು. ಅಮೆರಿಕದಲ್ಲಿ ಆಂಟಿಪರ್ಸ್ಪಿರಂಟ್ ಮೇಲೆ ಈ ಸಾಲು ಕಡ್ಡಾಯ. ಆರೋಗ್ಯದ ಹೆಸರಲ್ಲಿ ಮಾರುವವರು ಅದನ್ನು ಕನ್ನಡದಲ್ಲಿ ಮುದ್ರಿಸಿದರೆ ಹತ್ತು ‘ಮುಕ್ತ’ಗಳಿಗಿಂತ ಉಪಯೋಗ.

ಭಯದ ಮಾರಾಟದಿಂದ ಆದ ಕೇಡು ಬೇರೆ ಕಡೆ ಇದೆ. ರೋಲ್‌ಆನ್‌ನಲ್ಲಿ ನೀರಿನ ಪಾಲೇ ದೊಡ್ಡದು. ನೀರಿದ್ದಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸಾಲದ್ದಕ್ಕೆ, ಉರುಳುವ ಗುಂಡು ದಿನವೂ ಕಂಕುಳಿನ ಬ್ಯಾಕ್ಟೀರಿಯಾವನ್ನು ಬಾಟಲಿಯೊಳಕ್ಕೆ ಒಯ್ಯುತ್ತದೆ. ಆದ್ದರಿಂದ ಸಂರಕ್ಷಕ ಬೇಕೇ ಬೇಕು. ಪ್ಯಾರಾಬೆನ್ ಮೇಲೆ ಗುಮಾನಿ ಎದ್ದಾಗ ಜಗತ್ತಿನ ಹಲವು ತಯಾರಕರು ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಸಂರಕ್ಷಕಕ್ಕೆ ಹೊರಳಿದರು. ಅದರಿಂದ ಚರ್ಮದ ಅಲರ್ಜಿ ಎಷ್ಟು ಹೆಚ್ಚಿತೆಂದರೆ, ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. ಹಚ್ಚಿ ತೊಳೆಯದೆ ಬಿಡುವ ಸೌಂದರ್ಯವರ್ಧಕಗಳಲ್ಲಿ ಅದರ ಬಳಕೆಯನ್ನು ಯುರೋಪ್ 2017ರಲ್ಲಿ ನಿಲ್ಲಿಸಿತು. ಅದೇ ಸಂಘ 2019ರಲ್ಲಿ ಪ್ಯಾರಾಬೆನ್‌ಗೆ ಕೊಟ್ಟ ಬಿರುದು ‘ವರ್ಷದ ಅಲರ್ಜಿಕಾರಕವಲ್ಲದ್ದು’. ಹುಲಿಗೆ ಹೆದರಿ ಹುತ್ತಕ್ಕೆ ಕೈ ಹಾಕಿದ ಕಥೆ, ಅದೂ ಹುಲಿ ಅಲ್ಲದ ಹುಲಿಗೆ.

ಈಗಿನ ‘ಸೌಮ್ಯ’ ಸಂರಕ್ಷಕಗಳಾದ ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್‌ಗಳಿಗೂ ಒಂದು ಷರತ್ತಿದೆ. ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲೀಯ) 5.5ಕ್ಕಿಂತ ಕೆಳಗಿದ್ದರಷ್ಟೇ ಅವು ಸರಿಯಾಗಿ ಕೆಲಸ ಮಾಡುತ್ತವೆ. ಅದೇ ಬಾಟಲಿಗೆ ವಾಸನೆ ತಡೆಯಲೆಂದು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಹಾಕಿದರೆ ಪಿಎಚ್ ಮೇಲೇರಿ ಸಂರಕ್ಷಕ ಕೈಕೊಡುತ್ತದೆ. ಹೊಸ ಬ್ರ್ಯಾಂಡ್‌ಗಳು ಎಡವುವುದು ಇಲ್ಲೇ. ತಯಾರಿಸಿದ ದಿನ ಚೆನ್ನಾಗಿದ್ದ ಮಾಲು ಎರಡು ತಿಂಗಳಿಗೆ ಹುಳಿ ವಾಸನೆ ಹೊಡೆಯುತ್ತದೆ. ಐದು ಬಗೆಯ ಸೂಕ್ಷ್ಮಜೀವಿಗಳನ್ನು ಬೇಕೆಂದೇ ಬೆರೆಸಿ 28 ದಿನ ಗಮನಿಸುವ ಪರೀಕ್ಷೆ ಪಾಸಾಗದೆ ರೋಲ್‌ಆನ್ ಮಾರುಕಟ್ಟೆಗೆ ಬಿಡಲೇಬಾರದು.

ನೀರಿಲ್ಲದ ಸ್ಟಿಕ್‌ಗೆ ಈ ತೊಂದರೆ ಕಡಿಮೆ, ಬೇರೆಯವು ಇವೆ. ‘ನೈಸರ್ಗಿಕ’ ಸ್ಟಿಕ್‌ನ ಪ್ರಚಲಿತ ಪಾಕ ಪರದೇಶದ್ದು: ಕೊಬ್ಬರಿ ಎಣ್ಣೆ, ಶಿಯಾ ಬೆಣ್ಣೆ (ಆಫ್ರಿಕಾದ ಮರವೊಂದರ ಬೀಜದ ಕೊಬ್ಬು), ಆರಾರೂಟ್ ಹಿಟ್ಟು, ಅಡುಗೆ ಸೋಡಾ. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿಗೆ. ಡಿಸೆಂಬರಿನಲ್ಲಿ ಬಾಟಲಿಯೊಳಗೆ ಗಟ್ಟಿಯಾಗಿ ಫೆಬ್ರುವರಿಗೆ ನೀರಾಗುವುದನ್ನು ನಮ್ಮಲ್ಲಿ ಯಾರೂ ಹೇಳಿಕೊಡಬೇಕಿಲ್ಲ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿಗೆ ಹೋಗುವ ಡೆಲಿವರಿ ವ್ಯಾನಿನಲ್ಲಿ ಆ ಸ್ಟಿಕ್ ಗಂಜಿಯಾಗದೆ ಉಳಿಯದು. 62-64 ಡಿಗ್ರಿಗೆ ಕರಗುವ ಜೇನುಮೇಣದ ಪಾಲು ಏರಿಸಬೇಕು. ಅತಿಯಾದರೆ ಸ್ಟಿಕ್ ಕಂಕುಳಲ್ಲಿ ಜಾರದೆ ಎಳೆಯುತ್ತದೆ. 45 ಡಿಗ್ರಿಯ ಓವನ್‌ನಲ್ಲಿ ಸ್ಟಿಕ್ ಅಡ್ಡಡ್ಡ ಮಲಗಿಸಿ ಎರಡು ದಿನ ಬಿಟ್ಟು, ಎಣ್ಣೆ ಜಿನುಗುತ್ತದೆಯೇ ನೋಡುವುದು ಸುಲಭದ ಪರೀಕ್ಷೆ. ಮೇಲ್ಮೈ ಮರಳು ಮರಳಾದರೆ ಶಿಯಾ ಬೆಣ್ಣೆ ನಿಧಾನವಾಗಿ ತಣಿದು ಹರಳುಗಟ್ಟಿದೆ ಎಂದರ್ಥ. ಪೂರ್ತಿ ಕರಗಿಸಿ, ಬೇಗ ತಣಿಸಬೇಕು.

ಅಡುಗೆ ಸೋಡಾದ ಬಗ್ಗೆ ನಮಗೆ ರಾಜಿಯಿಲ್ಲ. ಚರ್ಮದ ಮೇಲ್ಪದರ ಆಮ್ಲೀಯ, ಪಿಎಚ್ ಸಾಮಾನ್ಯವಾಗಿ 5ರ ಆಸುಪಾಸು. ಸೋಡಾದ ದ್ರಾವಣ 8ಕ್ಕಿಂತ ಮೇಲೆ. ಜೊತೆಗೆ ಅದರ ಕಣ ಒರಟು. ದಿನವೂ ಉಜ್ಜಿದರೆ ಮೊದಲ ವಾರ ವಾಸನೆ ಮಾಯ, ಆಮೇಲೆ ಹಲವರಿಗೆ ಉರಿ, ಕೆಂಪು ದದ್ದು, ಕೊನೆಗೆ ಕಪ್ಪು ಕಲೆ. ಇದಕ್ಕೆ ‘ಕಂಕುಳು ವಿಷ ಹೊರಹಾಕುತ್ತಿದೆ, ತಾಳಿಕೊಳ್ಳಿ’ ಎಂದು ಸಮಜಾಯಿಷಿ ಕೊಡುವ ಜಾಹೀರಾತುಗಳೂ ಇವೆ. ದೇಹದ ಕಶ್ಮಲ ಹೊರಹಾಕುವುದು ಯಕೃತ್ತು, ಮೂತ್ರಪಿಂಡಗಳ ಕೆಲಸ. ದದ್ದು ಎದ್ದರೆ ಬಳಕೆ ನಿಲ್ಲಿಸಿ ಎಂದಷ್ಟೇ ಬರೆಯಬೇಕು. ಸೋಡಾಕ್ಕೆ ಬದಲು ಹರಳೆಣ್ಣೆಯಿಂದ ತಯಾರಾಗುವ ಜಿಂಕ್ ರಿಸಿನೋಲಿಯೇಟ್ ಇದೆ. ಅದು ವಾಸನೆಯ ಅಣುಗಳನ್ನೇ ಹಿಡಿದಿಡುತ್ತದೆ. ಟ್ರೈಇಥೈಲ್ ಸಿಟ್ರೇಟ್ ಇದೆ. ಎರಡನ್ನೂ ಸಾಮಾನ್ಯವಾಗಿ ಶೇ 1ರಿಂದ 3ರಷ್ಟು ಬಳಸುತ್ತಾರೆ. ಖರ್ಚು ಸೋಡಾಕ್ಕಿಂತ ಹೆಚ್ಚು. ಹೆಚ್ಚು ಬೆಲೆ ಕೇಳುವ ಬ್ರ್ಯಾಂಡ್ ಅಷ್ಟನ್ನಾದರೂ ಮಾಡಲಿ.

ಸುಗಂಧದ ವಿಷಯದಲ್ಲೂ ‘ನೈಸರ್ಗಿಕ’ ಎಂದರೆ ಸೌಮ್ಯ ಎಂದಲ್ಲ. ನಿಂಬೆಹುಲ್ಲಿನ ಎಣ್ಣೆಯ ಸಿಟ್ರಾಲ್, ಲವಂಗದ ಯುಜಿನಾಲ್, ಲ್ಯಾವೆಂಡರಿನ ಲಿನಲೂಲ್, ಎಲ್ಲವೂ ಗೊತ್ತಿರುವ ಅಲರ್ಜಿಕಾರಕಗಳು. ಕಂಕುಳು ಮಡಿಕೆಯ ಜಾಗ, ಒದ್ದೆ, ಮೇಲಾಗಿ ರೇಜರ್ ಆಡಿದ ಚರ್ಮ. ತೊಳೆಯದೆ ಬಿಡುವ ವಸ್ತುವಿನಲ್ಲಿ ಇಂಥವು ಶೇ 0.001 ದಾಟಿದರೆ ಹೆಸರು ಹಾಕಲೇಬೇಕೆಂಬುದು ಯುರೋಪಿನ ನಿಯಮ. ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಅಡಗದೆ ಆ ಹೆಸರುಗಳನ್ನು ಇಲ್ಲೂ ಅಚ್ಚು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ.

ಸ್ಪ್ರೇ ಡಬ್ಬಿಯ ತಳ್ಳುಗಾಳಿ ಬ್ಯುಟೇನ್, ಐಸೊಬ್ಯುಟೇನ್, ಪ್ರೊಪೇನ್. ಅಡುಗೆ ಅನಿಲದ ಬಳಗವೇ. 2021ರಲ್ಲಿ ಅಮೆರಿಕದಲ್ಲಿ ಕೆಲವು ಡಿಯೋ ಸ್ಪ್ರೇಗಳಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನ್ ಪತ್ತೆಯಾಗಿ ಕಂಪನಿಗಳು ಮಾಲು ಹಿಂಪಡೆದವು. ಗುಮಾನಿ ಹೋದದ್ದು ಈ ಅನಿಲದ ಮೇಲೆ. ಸುರಕ್ಷತೆಯನ್ನೇ ಮಾರುವ ಸ್ಪ್ರೇ ಕಂಪನಿ ಪ್ರತಿ ಬ್ಯಾಚ್‌ನ ಬೆಂಜೀನ್ ಪರೀಕ್ಷಾ ವರದಿಯನ್ನು ಕ್ಯೂಆರ್ ಕೋಡ್‌ನಲ್ಲಿ ಕೊಡಲಿ. ಇಲ್ಲವೇ ಅನಿಲವಿಲ್ಲದ ಪಂಪ್ ಬಾಟಲಿಗೆ ಬರಲಿ. ‘ಗ್ಯಾಸ್ ಇಲ್ಲ’ ಎಂಬ ಒಂದೇ ಮಾತಿನ ಮೇಲೆ ಫಾಗ್ 2011ರಿಂದ ಈ ದೇಶದಲ್ಲಿ ಮಾರುಕಟ್ಟೆ ಕಟ್ಟಿದೆ. ಬಾಟಲಿಗೆ 800 ಸ್ಪ್ರೇ ಎಂದು ಅದು ಲೆಕ್ಕ ಕೊಟ್ಟಿತು, ಜನ ಲೆಕ್ಕಕ್ಕೆ ಒಲಿದರು. ಹೆದರಿಸದೆಯೂ ಡಿಯೋ ಮಾರಬಹುದು ಎಂಬುದಕ್ಕೆ ಇಷ್ಟು ಸಾಕು.

ಹೆದರಿಕೆಗೂ ಮೊದಲು ಈ ವ್ಯಾಪಾರ ನಿಂತಿದ್ದು ನಾಚಿಕೆಯ ಮೇಲೆ. 1919ರಲ್ಲಿ ಅಮೆರಿಕದ ಮಹಿಳಾ ಪತ್ರಿಕೆಯೊಂದರಲ್ಲಿ ಓಡೊರೊನೊ ಎಂಬ ಬೆವರುತಡೆಯ ಜಾಹೀರಾತು, ನಿಮ್ಮ ಮೈವಾಸನೆ ನಿಮಗೇ ತಿಳಿಯದು ಎಂಬ ಧಾಟಿಯಲ್ಲಿ ಹೆಂಗಸರನ್ನು ಅಳುಕಿಸಿತು. ಸುಮಾರು 200 ಓದುಗರು ಸಿಟ್ಟಿನಿಂದ ಚಂದಾ ನಿಲ್ಲಿಸಿದರು, ಮಾರಾಟ ಮಾತ್ರ ದುಪ್ಪಟ್ಟಾಯಿತು. ಜಾಹೀರಾತಿನವರು ಆ ಪಾಠವನ್ನು ಇನ್ನೂ ಮರೆತಿಲ್ಲ.

ನಮ್ಮ ದೇಶದಲ್ಲೂ ಕಾನೂನು ಇಲ್ಲದಿಲ್ಲ. 2020ರ ಸೌಂದರ್ಯವರ್ಧಕ ನಿಯಮಗಳು ಸುಳ್ಳು, ದಾರಿ ತಪ್ಪಿಸುವ ಹೇಳಿಕೆಗಳನ್ನು ನಿಷೇಧಿಸುತ್ತವೆ. ‘ನೈಸರ್ಗಿಕ’, ‘ಶುದ್ಧ’ ಎಂಬ ಸಡಿಲ ಪದಗಳಿಗೆ ವಿವರಣೆ ಬೇಕೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2024ರ ಮಾರ್ಗಸೂಚಿ ಹೇಳುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ₹10 ಲಕ್ಷದವರೆಗೆ, ಮರುಕಳಿಸಿದರೆ ₹50 ಲಕ್ಷದವರೆಗೆ ದಂಡ ವಿಧಿಸಬಹುದು. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕೊಳ್ಳುವವರಿಗೆ ಎರಡು ಮಾತು. ಹೊಸ ಡಿಯೋವನ್ನು ನೇರ ಕಂಕುಳಿಗೆ ಹಚ್ಚದೆ, ಮೊಣಕೈ ಒಳಮಡಿಕೆಯಲ್ಲಿ ದಿನಕ್ಕೆರಡು ಬಾರಿಯಂತೆ ಏಳು ದಿನ ಹಚ್ಚಿ ನೋಡಿ; ಅಲರ್ಜಿ ಹಲವು ಸಲ ಮೊದಲ ದಿನ ಕಾಣುವುದಿಲ್ಲ. ಆಂಟಿಪರ್ಸ್ಪಿರಂಟ್ ಆದರೆ ರಾತ್ರಿ, ಒಣಗಿದ ಚರ್ಮಕ್ಕೆ ಹಚ್ಚಿ. ಬೆಳಗ್ಗೆ ಸ್ನಾನ ಮುಗಿಸಿ ಹಸಿ ಮೈಗೆ ಹಚ್ಚಿ ಬಸ್ಸಿಗೆ ಓಡಿದರೆ ಬಿರಡೆ ಕೂರುವ ಮೊದಲೇ ಬೆವರಿನೊಂದಿಗೆ ತೊಳೆದುಹೋಗುತ್ತದೆ.

ಇನ್ನು ಪಟ್ಟಿ ಓದುವ ಬಗೆ. ಶೇ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಶೇ 1ಕ್ಕಿಂತ ಹೆಚ್ಚು ಹಾಕುವ ರೂಢಿಯಿಲ್ಲ. ಹಾಗಾಗಿ ಪಟ್ಟಿಯಲ್ಲಿ ಅದರ ನಂತರ ಬರುವುದೆಲ್ಲ ಶೇ 1 ದಾಟಿರುವುದಿಲ್ಲ. ಡಬ್ಬಿಯ ಮುಂದೆ ಶ್ರೀಗಂಧದ ಕೊರಡು, ಬೇವಿನ ಎಲೆಯ ಚಿತ್ರ ದೊಡ್ಡದಾಗಿದ್ದು, ಹಿಂದೆ ಅವುಗಳ ಹೆಸರು ಫಿನಾಕ್ಸಿಎಥನಾಲ್‌ನ ಕೆಳಗೆ ಇದ್ದರೆ, 50 ಮಿ.ಲೀ. ರೋಲ್‌ಆನ್‌ನಲ್ಲಿ ಅವು ಹೆಚ್ಚೆಂದರೆ ತಲಾ ಅರ್ಧ ಮಿ.ಲೀ.

– ಸೌಂದರ್ಯವರ್ಧಕ ತಯಾರಿಕೆಯಲ್ಲಿರುವ ರಸಾಯನಶಾಸ್ತ್ರಜ್ಞರು, ಪೀಣ್ಯ, ಬೆಂಗಳೂರು